ಮಗು ಯಾರ ಲೆಕ್ಕಕ್ಕೆ? ಅಮೆರಿಕದಲ್ಲಿ ಎರಡು ಜನಾಂಗಗಳ ನಡುವೆ ಹುಟ್ಟಿದವರ ಪ್ರಶ್ನೆ

2024ರ ಜುಲೈ 31. ಷಿಕಾಗೋದಲ್ಲಿ ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘದ ಸಮಾವೇಶ ನಡೆದಿತ್ತು. ವೇದಿಕೆ ಮೇಲಿದ್ದ ಡೊನಾಲ್ಡ್ ಟ್ರಂಪ್ ತಮ್ಮ ಎದುರಾಳಿ ಕಮಲಾ ಹ್ಯಾರಿಸ್ ಬಗ್ಗೆ ಒಂದು ಮಾತು ಎತ್ತಿದರು. ಹ್ಯಾರಿಸ್ ಮೊದಲಿನಿಂದ ಭಾರತೀಯ ಮೂಲವನ್ನೇ ಹೇಳಿಕೊಳ್ಳುತ್ತಿದ್ದರು, ಕೆಲವು ವರ್ಷಗಳ ಹಿಂದೆ ಕಪ್ಪಾಗಿಬಿಟ್ಟರು, ಈಗ ಕಪ್ಪು ಮಹಿಳೆ ಅನ್ನಿಸಿಕೊಳ್ಳಲು ನೋಡುತ್ತಿದ್ದಾರೆ ಎಂಬ ಅರ್ಥದ ಮಾತು. ಆಕೆ ಭಾರತೀಯರೋ ಕಪ್ಪು ಜನಾಂಗದವರೋ ಎಂದೂ ಕೇಳಿದರು.

ಉತ್ತರವೇನೂ ಕಷ್ಟದ್ದಲ್ಲ. ಹ್ಯಾರಿಸ್ ಎರಡೂ ಹೌದು. ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳು ಕುಟುಂಬದವರು. 1958ರಲ್ಲಿ, 19ರ ವಯಸ್ಸಿಗೆ, ಓದುವುದಕ್ಕೆಂದು ಒಬ್ಬರೇ ಬರ್ಕ್ಲಿಗೆ ಹೋದವರು. ಮುಂದೆ ಸ್ತನ ಕ್ಯಾನ್ಸರ್ ಸಂಶೋಧಕಿಯಾದರು. ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು, ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಮಗಳು ಹುಟ್ಟಿದ್ದು 1964ರಲ್ಲಿ, ಓಕ್ಲೆಂಡ್‌ನಲ್ಲಿ. ಪದವಿ ಓದಿದ್ದು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಕಪ್ಪು ಜನರ ಉನ್ನತ ಶಿಕ್ಷಣಕ್ಕೆ ತವರುಮನೆಯಂಥ ಸಂಸ್ಥೆ ಅದು. ಅಲ್ಲಿ ಕಪ್ಪು ವಿದ್ಯಾರ್ಥಿನಿಯರ ಬಹುಕಾಲದ ಸಂಘವೊಂದನ್ನೂ ಸೇರಿ, 1986ರಲ್ಲಿ ಪದವಿ ಪಡೆದರು. ಅಂದರೆ ರಾಜಕೀಯಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಅವರು ತಾವು ಯಾರೆಂದು ತಿಳಿದುಕೊಂಡಿದ್ದರು, ಹೇಳಿಕೊಂಡೂ ಇದ್ದರು.

ಇಷ್ಟೆಲ್ಲ ದಾಖಲೆಯಲ್ಲಿದ್ದರೂ ಆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಟಿವಿಯಲ್ಲಿ, ಪತ್ರಿಕೆಗಳಲ್ಲಿ ದಿನಗಟ್ಟಲೆ ಚರ್ಚೆಯಾಯಿತು. ಯಾಕೆ? ಅಮೆರಿಕದಲ್ಲಿ ಒಬ್ಬ ಮನುಷ್ಯ ಯಾವ ಜನಾಂಗದವನು ಎಂದು ತೀರ್ಮಾನಿಸುವ ಅಧಿಕಾರ ಬಹುಕಾಲ ಆ ಮನುಷ್ಯನ ಕೈಯಲ್ಲಿ ಇರಲೇ ಇಲ್ಲ. ಶಾಸನಸಭೆ ತೀರ್ಮಾನಿಸುತ್ತಿತ್ತು. ನ್ಯಾಯಾಧೀಶರು ತೀರ್ಮಾನಿಸುತ್ತಿದ್ದರು. ರೈಲಿನ ಕಂಡಕ್ಟರ್, ಮನೆಬಾಗಿಲಿಗೆ ಬಂದ ಜನಗಣತಿಯವನು, ಜನನ ನೋಂದಣಿಯ ಗುಮಾಸ್ತ, ಇವರೆಲ್ಲ ತೀರ್ಮಾನಿಸುತ್ತಿದ್ದರು. ಎರಡು ಜನಾಂಗಗಳ ತಂದೆತಾಯಿಗೆ ಹುಟ್ಟಿದವರ ಗುರುತಿನ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅವರ ಮನಸ್ಸಿನ ಗೊಂದಲದಿಂದ ಶುರು ಮಾಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಗೊಂದಲ ಮೊದಲು ಇದ್ದದ್ದು ಕಾನೂನಿನಲ್ಲಿ.

ಮಾಲೀಕನ ಮಕ್ಕಳು

1662ರಲ್ಲಿ ವರ್ಜೀನಿಯಾ ಇನ್ನೂ ಇಂಗ್ಲೆಂಡಿನ ವಸಾಹತು. ಇಂಗ್ಲಿಷರ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಆ ವರ್ಷ ವರ್ಜೀನಿಯಾದ ಸಭೆ ಇದನ್ನು ತಿರುಗಿಸಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಾಯಿ ಸ್ವತಂತ್ರಳಾದರೆ ಮಗುವೂ ಸ್ವತಂತ್ರ ಎಂದು ಕಾನೂನು ಮಾಡಿತು. ಇದರ ಫಲ ಯಾರಿಗೆ ಸಿಕ್ಕಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಮಾಲೀಕ ತನ್ನ ಗುಲಾಮ ಹೆಣ್ಣಿನಲ್ಲಿ ಮಗು ಪಡೆದರೆ ಅವನಿಗೆ ತಂದೆಯ ಹೊಣೆ ಇಲ್ಲ. ಬದಲಿಗೆ ಆಸ್ತಿ ಒಂದು ತಲೆ ಜಾಸ್ತಿಯಾಯಿತು. ಮಿಶ್ರ ರಕ್ತದ ಮಕ್ಕಳ ಬಗ್ಗೆ ಅಮೆರಿಕದ ಮೊದಮೊದಲ ನಿಯಮಗಳು ಹುಟ್ಟಿದ್ದು ಹೀಗೆ, ಆಸ್ತಿಯ ಲೆಕ್ಕದಲ್ಲಿ.

ಈ ನಿಯಮ ಎಷ್ಟು ವಿಚಿತ್ರ ಜಾಗಕ್ಕೆ ಒಯ್ದಿತು ಎಂಬುದಕ್ಕೆ ಒಂದು ಮನೆಯ ಕಥೆ ಸಾಕು. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ಗುಲಾಮ ಹೆಣ್ಣುಮಗಳಿದ್ದಳು. ಅವಳ ತಂದೆ ಜಾನ್ ವೇಲ್ಸ್, ಅಂದರೆ ಜೆಫರ್ಸನ್ನರ ಮಾವ. ಹೀಗಾಗಿ ಅವಳು ಜೆಫರ್ಸನ್ನರ ಹೆಂಡತಿ ಮಾರ್ಥಾಗೆ ಮಲತಂಗಿ. ಅವಳ ತಾಯಿಯ ತಂದೆಯೂ ಇಂಗ್ಲೆಂಡಿನ ಬಿಳಿಯನೇ. ಅಂದಮೇಲೆ ಸ್ಯಾಲಿ ಮುಕ್ಕಾಲು ಪಾಲು ಬಿಳಿಯಳು. ಜೆಫರ್ಸನ್ನರಿಂದ ಅವಳಿಗೆ ಹುಟ್ಟಿ ಬದುಕಿ ಉಳಿದ ನಾಲ್ಕು ಮಕ್ಕಳು ಎಂಟರಲ್ಲಿ ಏಳು ಪಾಲು ಬಿಳಿಯರು. ಆಗ ವರ್ಜೀನಿಯಾದಲ್ಲಿದ್ದ ಕಾನೂನಿನ ಪ್ರಕಾರ ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚು ಆಫ್ರಿಕನ್ ರಕ್ತ ಇದ್ದವರನ್ನು ಮಾತ್ರ 'ಮುಲಾಟೊ', ಅಂದರೆ ಕಪ್ಪು ಬಿಳಿ ಬೆರಕೆಯವರು, ಎನ್ನಬೇಕು. ಈ ಮಕ್ಕಳು ಆ ಗೆರೆಯ ಆಚೆ ಇದ್ದರು. ಕಾನೂನಿನ ಕಣ್ಣಿಗೆ ಬಿಳಿಯರು. ಅದೇ ಕಾನೂನಿನ ಕಣ್ಣಿಗೆ ಗುಲಾಮರು ಕೂಡ, ಯಾಕಂದರೆ ತಾಯಿ ಗುಲಾಮಳು.

ಮುಂದೆ ಏನಾಯಿತು ನೋಡಿ. ಹಿರಿಯರಾದ ಬೆವರ್ಲಿ ಮತ್ತು ಹ್ಯಾರಿಯೆಟ್ 1822ರಲ್ಲಿ ಮಾಂಟಿಚೆಲ್ಲೊ ಬಿಟ್ಟು ಹೋದರು, ಬಿಳಿಯರ ನಡುವೆ ಬಿಳಿಯರಾಗಿ ಬದುಕಿದರು. ಜೆಫರ್ಸನ್ 1826ರಲ್ಲಿ ಸತ್ತಾಗ ಉಯಿಲಿನ ಮೂಲಕ ಬಿಡುಗಡೆ ಪಡೆದವರು ಮ್ಯಾಡಿಸನ್ ಮತ್ತು ಎಸ್ಟನ್. ಮ್ಯಾಡಿಸನ್ ಒಹಾಯೊಗೆ ಹೋಗಿ ಕಪ್ಪು ಜನರ ಜೊತೆಗೇ ಬಾಳಿದ. 1873ರಲ್ಲಿ ಪತ್ರಿಕೆಯೊಂದರಲ್ಲಿ ತನ್ನ ತಂದೆ ಯಾರೆಂದು ಹೇಳಿದ. ಎಸ್ಟನ್ ವಿಸ್ಕಾನ್ಸಿನ್‌ಗೆ ಹೋಗಿ, ಹೆಸರಿಗೆ ಜೆಫರ್ಸನ್ ಅಂತ ಸೇರಿಸಿಕೊಂಡು ಬಿಳಿಯನಾದ. ಸ್ವತಃ ಸ್ಯಾಲಿಯನ್ನು 1830ರ ಜನಗಣತಿ ಬಿಳಿಯಳೆಂದು ಬರೆಯಿತು. ಮೂರು ವರ್ಷ ಬಿಟ್ಟು ನಡೆದ ಸ್ಥಳೀಯ ಎಣಿಕೆ ಮುಲಾಟೊ ಎಂದು ಬರೆಯಿತು. ಒಂದೇ ತಾಯಿ ಹೊಟ್ಟೆಯ ಮಕ್ಕಳು, ಒಂದೇ ರಕ್ತ. ಒಬ್ಬ ಕಪ್ಪು, ಉಳಿದವರು ಬಿಳಿ. ಜನಾಂಗ ಎನ್ನುವುದು ದೇಹದಲ್ಲಿ ಕೂತಿರುವ ನಿಜ ಎಂದು ನಂಬುವವರಿಗೆ ಈ ಒಂದು ಮನೆಯ ದಾಖಲೆ ಓದಲು ಕೊಟ್ಟರೆ ಸಾಕು ಎಂದು ನನಗೆ ಅನ್ನಿಸುತ್ತದೆ. 1998ರ ಡಿಎನ್ಎ ಪರೀಕ್ಷೆ ಎಸ್ಟನ್ನನ ವಂಶವನ್ನು ಜೆಫರ್ಸನ್ ಮನೆತನದ ಗಂಡು ಸಂತತಿಯ ಜೊತೆ ಜೋಡಿಸಿತು. ಈಗ ಮಾಂಟಿಚೆಲ್ಲೊ ನೋಡಿಕೊಳ್ಳುವ ಸಂಸ್ಥೆಯೂ ಈ ಕಥೆಯನ್ನು ಒಪ್ಪಿಕೊಂಡಿದೆ.

ಒಂದು ಹನಿ ಸಾಕು

ಗುಲಾಮಗಿರಿ 1865ರಲ್ಲಿ ಕೊನೆಯಾಯಿತು. ಆಮೇಲೆ ಗೆರೆ ಇನ್ನಷ್ಟು ಬಿಗಿಯಾಯಿತು. ಹಿಂದೆ ಸರಪಳಿಯೇ ಯಾರು ಯಾರೆಂದು ಹೇಳುತ್ತಿತ್ತು. ಸರಪಳಿ ಹೋದಮೇಲೆ ಬಿಳಿಯರ ಮೇಲುಗೈ ಉಳಿಸಲು ಬೇರೆ ಗುರುತು ಬೇಕಾಯಿತು.

1892ರಲ್ಲಿ ನ್ಯೂ ಆರ್ಲಿಯನ್ಸ್‌ನ ಹೋಮರ್ ಪ್ಲೆಸ್ಸಿ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತು ಬಂಧನಕ್ಕೆ ಒಳಗಾದರು. ಅವರದ್ದೂ ಎಂಟರಲ್ಲಿ ಏಳು ಪಾಲು ಬಿಳಿ ರಕ್ತ. ಮುಖ ನೋಡಿ ಯಾರೂ ಗುರುತು ಹಿಡಿಯುವಂತಿರಲಿಲ್ಲ. ರೈಲಿನ ಬೇರ್ಪಡಿಕೆ ಕಾನೂನನ್ನು ಪ್ರಶ್ನಿಸಲು ಅಲ್ಲಿನ ನಾಗರಿಕರ ಸಮಿತಿಯೊಂದು ಅವರನ್ನೇ ಆರಿಸಿದ್ದರ ಹಿಂದೆ ಈ ಯೋಚನೆಯೂ ಇತ್ತು: ಇಂಥವನನ್ನು ಎಲ್ಲಿ ಕೂರಿಸುತ್ತೀರಿ? 1896ರಲ್ಲಿ ಸುಪ್ರೀಂ ಕೋರ್ಟ್ ಏಳಕ್ಕೆ ಒಂದು ಮತದಿಂದ ಬೇರ್ಪಡಿಕೆಯನ್ನೇ ಎತ್ತಿಹಿಡಿಯಿತು. ಪ್ಲೆಸ್ಸಿ ಅವರ ಮೇಲಿದ್ದ ಅಪರಾಧಕ್ಕೆ ಲೂಸಿಯಾನಾದ ರಾಜ್ಯಪಾಲರು ಕ್ಷಮೆ ನೀಡಿದ್ದು 2022ರಲ್ಲಿ.

ವರ್ಜೀನಿಯಾ 1910ರಲ್ಲಿ ಕಾಲು ಭಾಗದ ಗೆರೆಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿತು. 1924ರಲ್ಲಿ 'ಜನಾಂಗ ಶುದ್ಧತೆ ಕಾಯ್ದೆ' ತಂದು, ಒಂದು ಹನಿ ಬೇರೆ ರಕ್ತ ಇದ್ದರೂ ಬಿಳಿಯರಲ್ಲ ಎಂದಿತು. ಆದರೆ ಒಂದು ತೊಡಕು ಬಂತು. ವರ್ಜೀನಿಯಾದ ದೊಡ್ಡ ದೊಡ್ಡ ಬಿಳಿ ಮನೆತನಗಳು ತಾವು ಪೊಕಾಹಾಂಟಸ್ ಎಂಬ ಮೂಲನಿವಾಸಿ ಹೆಣ್ಣಿನ ವಂಶ ಎಂದು ಹೆಮ್ಮೆ ಪಡುತ್ತಿದ್ದವು. ಅವರಿಗಾಗಿ ವಿನಾಯಿತಿ ಸೇರಿಸಿದರು. ಮೂಲನಿವಾಸಿ ರಕ್ತ ವೀಸದಷ್ಟು, ಅಂದರೆ ಹದಿನಾರರಲ್ಲಿ ಒಂದು ಪಾಲಿನವರೆಗೆ ಇದ್ದರೆ ಪರವಾಗಿಲ್ಲ, ಬಿಳಿಯರೇ. ಶುದ್ಧ ರಕ್ತದ ಮಾತಾಡಿದ ಕಾನೂನೇ ತನಗೆ ಬೇಕಾದವರಿಗೆ ಬಾಗಿಲು ತೆರೆದಿಟ್ಟುಕೊಂಡಿತು.

ಬಾಗಿಲು ಮುಚ್ಚಿದ್ದು ಯಾರಿಗೆ? ಆ ರಾಜ್ಯದ ಜನನ ಮರಣ ನೋಂದಣಿ ಮುಖ್ಯಸ್ಥ ವಾಲ್ಟರ್ ಪ್ಲೆಕರ್ 1912ರಿಂದ 1946ರವರೆಗೆ ಅಧಿಕಾರದಲ್ಲಿದ್ದ. ವರ್ಜೀನಿಯಾದಲ್ಲಿ ನಿಜವಾದ ಮೂಲನಿವಾಸಿಗಳು ಉಳಿದೇ ಇಲ್ಲ, ಹಾಗೆ ಹೇಳಿಕೊಳ್ಳುವವರೆಲ್ಲ ಕಪ್ಪು ಜನ ಎಂಬುದು ಅವನ ಹಟ. ಮನೆತನದ ಹೆಸರುಗಳ ಪಟ್ಟಿ ಮಾಡಿ ಜಿಲ್ಲೆಗಳಿಗೆ ಕಳಿಸಿದ, ಕುಟುಂಬಗಳ ದಾಖಲೆಗಳನ್ನು ತಿದ್ದಿಸಿದ. ದಶಕಗಳು ಕಳೆದ ಮೇಲೆ ಆ ಬುಡಕಟ್ಟುಗಳು ಕೇಂದ್ರ ಸರ್ಕಾರದ ಮಾನ್ಯತೆ ಕೇಳಲು ಹೋದಾಗ ಕಾಗದಪತ್ರದಲ್ಲಿ ಅವರು ಇರಲೇ ಇಲ್ಲ. ಆರು ಬುಡಕಟ್ಟುಗಳಿಗೆ ಕೊನೆಗೂ ಮಾನ್ಯತೆ ಸಿಕ್ಕಿದ್ದು 2018ರಲ್ಲಿ, ಸಂಸತ್ತಿನ ಕಾಯ್ದೆಯ ಮೂಲಕ. ಒಬ್ಬ ಅಧಿಕಾರಿಯ ಪೆನ್ನು ಎಷ್ಟು ತಲೆಮಾರು ಮುಂದಕ್ಕೆ ಚುಚ್ಚಬಲ್ಲದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇದೆಲ್ಲ ಹಳೇ ಕಾಲದ್ದು ಅನ್ನಬೇಡಿ. ಲೂಸಿಯಾನಾದಲ್ಲಿ 1970ರಲ್ಲಿ ಮಾಡಿದ ಕಾನೂನು ಮೂವತ್ತೆರಡರಲ್ಲಿ ಒಂದು ಪಾಲಿನ ಲೆಕ್ಕ ಹಾಕುತ್ತಿತ್ತು. ಬಿಳಿಯಳೆಂದೇ ಬೆಳೆದ, ಬಿಳಿಯನನ್ನೇ ಮದುವೆಯಾದ ಒಬ್ಬ ಮಹಿಳೆ ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಜನನ ಪತ್ರದಲ್ಲಿ ತಾನು ಬಿಳಿಯಳಲ್ಲ ಎಂದು ಬರೆದಿರುವುದು ಗೊತ್ತಾಯಿತು. ಕೋರ್ಟಿಗೆ ಹೋದರು. ಸರ್ಕಾರ ಅವರ ವಂಶಾವಳಿ ಕೆದಕಿ 18ನೇ ಶತಮಾನದ ಒಬ್ಬ ಗುಲಾಮ ಅಜ್ಜಿಯನ್ನು ಹುಡುಕಿ ತೆಗೆಯಿತು. 1983ರಲ್ಲಿ ಆಕೆ ಸೋತರು. ಅದೇ ವರ್ಷ ಆ ಕಾನೂನು ರದ್ದಾಯಿತು. ಆಕೆಯ ಜನನ ಪತ್ರ ಮಾತ್ರ ಬದಲಾಗಲಿಲ್ಲ.

ಮದುವೆಯ ಕೋಣೆಗೆ ಬಂದ ಪೊಲೀಸರು

ಮಗುವಿಗಿಂತ ಮೊದಲು ಮದುವೆ. ರಿಚರ್ಡ್ ಲವಿಂಗ್ ಬಿಳಿಯ. ಮಿಲ್ಡ್ರೆಡ್ ಆಫ್ರಿಕನ್ ಮತ್ತು ಮೂಲನಿವಾಸಿ ಬೇರಿನವರು. ವರ್ಜೀನಿಯಾದ ಸೆಂಟ್ರಲ್ ಪಾಯಿಂಟ್ ಎಂಬ ಹಳ್ಳಿಯವರು. ಅಲ್ಲಿ ಮದುವೆಗೆ ಅವಕಾಶವಿಲ್ಲದ್ದರಿಂದ 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಮುಂದಿನ ತಿಂಗಳು ರಾತ್ರಿ ಹೊತ್ತು ಪೊಲೀಸರು ಅವರ ಮಲಗುವ ಕೋಣೆಗೇ ನುಗ್ಗಿ ಬಂಧಿಸಿದರು. ಒಂದು ವರ್ಷ ಜೈಲು, ಇಲ್ಲವೇ 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದು ಎಂದಾಯಿತು ತೀರ್ಪು. ಅವರು ಊರು ಬಿಟ್ಟರು. 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಆಗಲೂ 16 ರಾಜ್ಯಗಳಲ್ಲಿ ಅಂಥ ನಿಷೇಧ ಇತ್ತು. ಅಲಬಾಮಾ ತನ್ನ ಸಂವಿಧಾನದಿಂದ ಆ ಸಾಲನ್ನು ತೆಗೆದದ್ದು 2000ದಲ್ಲಿ, ಜನಮತ ಹಾಕಿ. ನೂರಕ್ಕೆ ಸುಮಾರು ನಲವತ್ತು ಮಂದಿ ತೆಗೆಯುವುದು ಬೇಡ ಎಂದೇ ಮತ ಕೊಟ್ಟರು.

ಜನರ ಮನಸ್ಸು ಬದಲಾಗಿದೆ, ಅದನ್ನೂ ಹೇಳಬೇಕು. ಕಪ್ಪು ಬಿಳಿ ಮದುವೆ ಒಪ್ಪುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಶೇ. 4 ಮಂದಿ ಹೌದು ಎಂದಿದ್ದರು. 2021ರಲ್ಲಿ ಶೇ. 94. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 1967ರಲ್ಲಿ ಹೊಸದಾಗಿ ಮದುವೆಯಾದವರಲ್ಲಿ ಶೇ. 3 ಮಂದಿ ಬೇರೆ ಜನಾಂಗದವರನ್ನು ವರಿಸಿದ್ದರು, 2015ರ ಹೊತ್ತಿಗೆ ಅದು ಶೇ. 17. ಒಂದೇ ಜೀವಮಾನದಲ್ಲಿ ಇಷ್ಟು ಬದಲಾವಣೆ ದೊಡ್ಡದೇ. ಆದರೆ ಸಮೀಕ್ಷೆಯಲ್ಲಿ ಹೌದು ಅನ್ನುವುದು ಬೇರೆ, ಮದುವೆಯಿಂದ ಹುಟ್ಟಿದ ಮಗುವನ್ನು ನೋಡುವ ಕಣ್ಣು ಬೇರೆ.

ನೋಡುವವರ ಕಣ್ಣು

2011ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಪ್ಪು ಮುಖ ಮತ್ತು ಬಿಳಿ ಮುಖವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಜನರಿಗೆ ತೋರಿಸಿದರು. ಅರ್ಧಕ್ಕರ್ಧ ಬೆರೆಸಿದ ಮುಖ ಎರಡೂ ಕಡೆ ಸಮವಾಗಿ ಕಾಣಬೇಕಿತ್ತು ಅಲ್ವಾ? ಕಾಣಲಿಲ್ಲ. ಬಿಳಿ ಪಾಲು ಅರ್ಧಕ್ಕಿಂತ ಸಾಕಷ್ಟು ಜಾಸ್ತಿಯಾಗುವವರೆಗೆ ನೋಡಿದವರು ಅದನ್ನು ಬಿಳಿ ಮುಖ ಅನ್ನಲಿಲ್ಲ. ಏಷ್ಯನ್ ಮತ್ತು ಬಿಳಿ ಬೆರೆತ ಮುಖಕ್ಕೂ ಹೀಗೇ, ಆದರೆ ಸ್ವಲ್ಪ ಕಡಿಮೆ. ಕಾನೂನು ಪುಸ್ತಕದಿಂದ ಹೋದ ಒಂದು ಹನಿ ನಿಯಮ ಜನರ ಕಣ್ಣಿನಲ್ಲಿ ಇನ್ನೂ ಉಳಿದಿದೆ.

ಇದಕ್ಕೇ ಬರಾಕ್ ಒಬಾಮ ಅವರ ಉತ್ತರ ನನಗೆ ಪೂರ್ತಿ ಅರ್ಥವಾಗುತ್ತದೆ. ತಾಯಿ ಕಾನ್ಸಾಸ್‌ನ ಬಿಳಿ ಮಹಿಳೆ, ತಂದೆ ಕೀನ್ಯಾದವರು. ಸಾಕಿ ಬೆಳೆಸಿದ್ದರಲ್ಲಿ ಬಿಳಿ ಅಜ್ಜ ಅಜ್ಜಿಯರ ಪಾಲು ದೊಡ್ಡದು. ಅಧ್ಯಕ್ಷರಾಗಿದ್ದಾಗ ಬಂದ 2010ರ ಜನಗಣತಿಯಲ್ಲಿ ಎರಡು ಕಡೆ ಗುರುತು ಹಾಕುವ ಅವಕಾಶ ಇತ್ತು. ಅವರು ಕಪ್ಪು ಎಂಬ ಒಂದೇ ಚೌಕಕ್ಕೆ ಗುರುತು ಹಾಕಿದರು. ಅಮ್ಮನನ್ನು ಮರೆತರು ಎಂದು ಕೆಲವರು ಟೀಕಿಸಿದರು. ಆದರೆ ರಸ್ತೆಯಲ್ಲಿ ಟ್ಯಾಕ್ಸಿ ನಿಲ್ಲಿಸದೆ ಹೋಗುವ ಚಾಲಕ, ಅಂಗಡಿಯಲ್ಲಿ ಹಿಂದೆ ಹಿಂದೆ ಬರುವ ಕಾವಲುಗಾರ ಯಾರೂ ಅಮ್ಮನ ಬಣ್ಣ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಿಳಿಯರು ಹೊರಗೆ ತಳ್ಳಿದ ಎಲ್ಲ ಬಣ್ಣದ ಮಕ್ಕಳನ್ನೂ ಕಪ್ಪು ಸಮುದಾಯ ತನ್ನವರೆಂದು ಒಳಗೆ ಕರೆದುಕೊಂಡಿತು. ಬಿಳಿಯ ತಂದೆಗೆ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಆ ಜನರ ದೊಡ್ಡ ನಾಯಕರಾದರು. ಅವಮಾನಕ್ಕೆಂದು ಮಾಡಿದ ನಿಯಮದೊಳಗೇ ಕಪ್ಪು ಜನ ಒಂದು ಬಂಧುತ್ವ ಕಟ್ಟಿಕೊಂಡರು. ಹೀಗೆ ನೋಡಿದರೆ ಒಬಾಮ ಹಾಕಿದ ಗುರುತಿನಲ್ಲಿ ಅಮ್ಮನ ನಿರಾಕರಣೆ ಕಾಣುವುದಿಲ್ಲ.

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಬೇರೆ ದಾರಿ ಹಿಡಿದರು. 1997ರಲ್ಲಿ, 21ರ ವಯಸ್ಸಿಗೆ ಮಾಸ್ಟರ್ಸ್ ಗೆದ್ದ ಹೊಸದರಲ್ಲಿ, ಓಪ್ರಾ ವಿನ್‌ಫ್ರಿ ಅವರ ಕಾರ್ಯಕ್ರಮದಲ್ಲಿ ತಮ್ಮನ್ನು 'ಕ್ಯಾಬ್ಲಿನೇಷ್ಯನ್' ಎಂದು ಕರೆದುಕೊಂಡರು. ಬಿಳಿ, ಕಪ್ಪು, ಮೂಲನಿವಾಸಿ, ಏಷ್ಯನ್ ಎಲ್ಲವನ್ನೂ ಸೇರಿಸಿ ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಹೆಸರು. ಅವರ ತಾಯಿ ಥಾಯ್ಲೆಂಡಿನವರು. ಕಪ್ಪು ಸಮುದಾಯದಲ್ಲಿ ಹಲವರಿಗೆ ಇದು ನೋವಾಯಿತು. ನಮ್ಮವನಾಗಿರಲು ನಾಚಿಕೆಯೇ ಎಂದು ಕೇಳಿದರು. ಆ ನೋವೂ ಸುಮ್ನೆ ಬಂದದ್ದಲ್ಲ. ಬಿಳಿಯರಂತೆ ಕಾಣುವವರು ಗೆರೆ ದಾಟಿ ಹೋಗಿ, ಮನೆಯವರ ಮುಖವನ್ನೂ ಮತ್ತೆ ನೋಡದೆ ಬಾಳಿದ ಕಥೆಗಳು ಆ ಸಮುದಾಯದ ಎಷ್ಟೋ ಮನೆಗಳಲ್ಲಿವೆ. ಆದರೂ ಥಾಯ್ ತಾಯಿಯ ಮಗನಿಗೆ ತಾಯಿಯನ್ನು ಹೆಸರಿಸುವ ಹಕ್ಕಿಲ್ಲ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಒಬಾಮ ಸರಿ, ವುಡ್ಸ್ ಕೂಡ ಸರಿ. ತಪ್ಪು ಇರುವುದು ಒಂದೇ ಉತ್ತರ ಕೊಡು ಎಂದು ಹಟ ಹಿಡಿಯುವವರ ಕಡೆ.

ಆ ಹಟ ಶಾಲೆಯಿಂದಲೇ ಶುರುವಾಗುತ್ತದೆ. ಮೇಗನ್ ಮಾರ್ಕಲ್ 2015ರಲ್ಲಿ ಬರೆದ ಲೇಖನವೊಂದರಲ್ಲಿ ತಮ್ಮ ಏಳನೇ ತರಗತಿಯ ಒಂದು ದಿನವನ್ನು ನೆನೆದಿದ್ದಾರೆ. ಅರ್ಜಿಯಲ್ಲಿ ಜನಾಂಗ ಗುರುತಿಸಬೇಕಿತ್ತು. ನೀನು ಹಾಗೇ ಕಾಣುತ್ತೀಯಲ್ಲ, ಬಿಳಿ ಎಂದು ಹಾಕು ಎಂದರು ಟೀಚರ್. ಹುಡುಗಿಗೆ ಕಪ್ಪು ಬಣ್ಣದ ಅಮ್ಮನ ಮುಖ ನೆನಪಾಯಿತು. ಗುರುತು ಹಾಕದೆ ಖಾಲಿ ಬಿಟ್ಟಳು.

2015ರಲ್ಲಿ ಪ್ಯೂ ಕೇಂದ್ರ ಮಾಡಿದ ದೊಡ್ಡ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ ಸಂಗತಿ ಒಂದಿದೆ. ಮಿಶ್ರ ಮೂಲ ಇರುವ ವಯಸ್ಕರಲ್ಲಿ ಶೇ. 61 ಮಂದಿ ತಮ್ಮನ್ನು 'ಬಹುಜನಾಂಗೀಯ' ಎಂದು ಕರೆದುಕೊಳ್ಳುವುದೇ ಇಲ್ಲ. ಯಾವ ಬೆರಕೆ ಎಂಬುದರ ಮೇಲೆ ಅನುಭವವೂ ಬೇರೆ. ಕಪ್ಪು ಬೇರು ಇರುವವರ ಅನುಭವ, ಪೊಲೀಸರ ತಡೆಯಿಂದ ಹಿಡಿದು ಹೋಟೆಲಿನಲ್ಲಿ ಸಿಗುವ ಉಪಚಾರದವರೆಗೆ, ಕಪ್ಪು ಜನರ ಅನುಭವಕ್ಕೆ ಹತ್ತಿರ. ಬಿಳಿ ಮತ್ತು ಏಷ್ಯನ್ ಬೆರೆತವರು ತಮಗೆ ಬಿಳಿಯರ ಜೊತೆ ಹೆಚ್ಚು ಸಾಮ್ಯವಿದೆ ಎನ್ನುತ್ತಾರೆ. 'ಮಿಶ್ರ' ಎಂಬ ಒಂದೇ ಪದದ ಕೆಳಗೆ ಇವರನ್ನೆಲ್ಲ ಸೇರಿಸಿ, ಅಮೆರಿಕ ಇನ್ನೇನು ಬಣ್ಣ ಮರೆತ ದೇಶವಾಗುತ್ತದೆ ಎಂದು ಭವಿಷ್ಯ ಹೇಳುವವರು ಈ ವ್ಯತ್ಯಾಸವನ್ನು ನೋಡಬೇಕು.

ನಮ್ಮವರ ಪಾಲು

ಈ ಕಥೆಯಲ್ಲಿ ಭಾರತೀಯರು ಶುರುವಿನಿಂದ ಇದ್ದಾರೆ. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ವಿದ್ವಾಂಸರು ಉತ್ತರ ಭಾರತದವರನ್ನು ಕಕೇಶಿಯನ್, ಅಂದರೆ ಬಿಳಿಯರದೇ ಮೂಲದವರು, ಎಂದು ಕರೆಯಬಹುದು, ಆದರೆ ಬಿಳಿಯರೆಂದರೆ ಸಾಮಾನ್ಯ ಮನುಷ್ಯನಿಗೆ ಯಾರು ಕಾಣುತ್ತಾರೋ ಅವರು ಮಾತ್ರ, ಇವರಲ್ಲ. ನೋಡುವವನ ಕಣ್ಣೇ ಕಾನೂನಾಯಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಹೊಲ ಮಾಡುತ್ತಿದ್ದ ಪಂಜಾಬಿ ಗಂಡಸರು ಊರಿಂದ ಹೆಂಡತಿಯರನ್ನು ಕರೆಸಿಕೊಳ್ಳುವಂತಿರಲಿಲ್ಲ, ಬಿಳಿ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ. ಹೀಗಾಗಿ ನೂರಾರು ಮಂದಿ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಗುಮಾಸ್ತನಿಗೆ ಇಬ್ಬರೂ ಕಂದು ಬಣ್ಣದವರಾಗಿ ಕಂಡರೆ ಲೈಸೆನ್ಸ್ ಸಿಗುತ್ತಿತ್ತು. ಮಕ್ಕಳು ಸ್ಪ್ಯಾನಿಷ್ ಮಾತಾಡಿದರು, ಚರ್ಚಿಗೆ ಹೋದರು, ಹೆಸರಿನ ಕೊನೆಗೆ ಸಿಂಗ್ ಉಳಿಸಿಕೊಂಡರು. ಬಂಗಾಳದಿಂದ ಹೋದ ಮುಸ್ಲಿಂ ವ್ಯಾಪಾರಿಗಳು ಮತ್ತು ಹಡಗಿನ ಕೆಲಸಗಾರರು ನ್ಯೂ ಆರ್ಲಿಯನ್ಸ್‌ನಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಕುಟುಂಬಗಳ ಅಳಿಯಂದಿರಾದರು. ಜನಗಣತಿ ಮಾತ್ರ ನಮ್ಮವರನ್ನು ಒಂದೊಂದು ಕಾಲಕ್ಕೆ ಒಂದೊಂದು ರೀತಿ ಬರೆಯಿತು. 1920ರಿಂದ 1940ರವರೆಗೆ, ಯಾವ ಧರ್ಮದವರಾದರೂ ಸರಿ, ಜನಾಂಗ 'ಹಿಂದು'. 1970ರಲ್ಲಿ ಬಿಳಿಯರು. 1980ರಿಂದ 'ಏಷ್ಯನ್ ಇಂಡಿಯನ್', ಅದೂ ವಲಸಿಗರ ಸಂಘಟನೆ ಒತ್ತಾಯ ಮಾಡಿದ ಮೇಲೆ.

ಇಂಥ ಹಿನ್ನೆಲೆ ಇದ್ದೂ ನಾವು ಕಮಲಾ ಹ್ಯಾರಿಸ್ ಅವರನ್ನು ನೋಡಿದ್ದು ಹೇಗೆ? ಅವರ ತಾಯಿಯ ಕಡೆಯ ಊರಾದ ತುಳಸೇಂದ್ರಪುರಂ ದೇವಸ್ಥಾನದ ಪೂಜೆ ನಮ್ಮ ಟಿವಿಗಳಲ್ಲಿ ಗಂಟೆಗಟ್ಟಲೆ ಬಂತು. ಜಮೈಕಾದ ತಂದೆ ಒಂದು ಸಾಲಿಗೆ ಸೀಮಿತ. ತಾಯಿ ಶ್ಯಾಮಲಾ ಅವರಾದರೋ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಆ ದೇಶ ಕಪ್ಪು ಮಕ್ಕಳೆಂದೇ ನೋಡುತ್ತದೆ ಎಂದು ಅರಿತು, ಆತ್ಮವಿಶ್ವಾಸದ ಕಪ್ಪು ಹೆಣ್ಣುಮಕ್ಕಳಾಗಿಯೇ ಬೆಳೆಸಿದರು ಎಂದು ಹ್ಯಾರಿಸ್ ಹೇಳಿಕೊಂಡಿದ್ದಾರೆ. ಆ ತಾಯಿಗಿದ್ದ ಸ್ಪಷ್ಟತೆ ನಮಗೂ ಬರಬೇಕಿತ್ತು.

ಅಮೆರಿಕದ ಕನ್ನಡ ಮನೆಗಳಲ್ಲೂ ಈಗ ಎರಡನೇ ತಲೆಮಾರು ಮದುವೆಯ ವಯಸ್ಸಿಗೆ ಬಂದಿದೆ. ಬೇರೆ ಜನಾಂಗದ ಅಳಿಯ ಸೊಸೆ ಬರುವುದು ಅಪರೂಪವೇನಲ್ಲ. ನೇರವಾಗಿ ಹೇಳುತ್ತೇನೆ: ಬಿಳಿ ಅಳಿಯನ ಸುದ್ದಿಗೆ ಸ್ವಲ್ಪ ಮುನಿಸು, ಆಮೇಲೆ ಸಂಭ್ರಮ. ಕಪ್ಪು ಅಳಿಯನ ಸುದ್ದಿಗೆ ಎಷ್ಟೋ ಮನೆಗಳಲ್ಲಿ ಮಾತೇ ನಿಲ್ಲುತ್ತದೆ. ಮಗು ಹುಟ್ಟಿದ ಕೂಡಲೇ ಫೋನಿನಲ್ಲಿ 'ಬಣ್ಣ ಹೇಗಿದೆ' ಎಂದು ಕೇಳುವ ಅಭ್ಯಾಸ ನಾವು ಇಲ್ಲಿಂದಲೇ ತೆಗೆದುಕೊಂಡು ಹೋದದ್ದು. ಆ ಮಗು ಮುಂದೆ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬಂದಾಗ, ನೀನು ಯಾರ ಮಗು ಎಂದು ಎರಡೆರಡು ಸಲ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಆಗುವ ಬೇಸರ ಷಿಕಾಗೋ ವೇದಿಕೆಯ ಮಾತಿಗೆ ಆಗುವ ಬೇಸರಕ್ಕಿಂತ ಕಡಿಮೆಯದು ಅಂತ ನಾನು ಅಂದುಕೊಳ್ಳುವುದಿಲ್ಲ.

ಎಣಿಕೆಯ ಜಗಳ

1930ರಲ್ಲಿ ಜನಗಣತಿಯವರಿಗೆ ಕೊಟ್ಟ ಸೂಚನೆ ಸ್ಪಷ್ಟವಾಗಿತ್ತು. ಕಪ್ಪು ರಕ್ತ ಎಷ್ಟೇ ಕಡಿಮೆ ಇರಲಿ, ನೀಗ್ರೊ ಎಂದು ಬರೆಯಿರಿ. ಜನರೇ ತಮ್ಮ ಗುರುತು ಬರೆದುಕೊಳ್ಳುವ ಪದ್ಧತಿ ಶುರುವಾದದ್ದು 1960ರಿಂದ ಈಚೆಗೆ. ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸುವ ಅವಕಾಶ ಸಿಕ್ಕಿದ್ದು 2000ದಲ್ಲಿ. ಅದಕ್ಕೂ ಮೊದಲು 90ರ ದಶಕದಲ್ಲಿ ದೊಡ್ಡ ಜಗಳವೇ ನಡೆಯಿತು. ಮಿಶ್ರ ಮಕ್ಕಳ ತಾಯಂದಿರು 'ಬಹುಜನಾಂಗೀಯ' ಎಂಬ ಹೊಸ ಚೌಕ ಕೇಳಿದರು. ನಾಗರಿಕ ಹಕ್ಕುಗಳ ಸಂಘಟನೆಗಳು ಬೇಡವೆಂದವು. ಕಪ್ಪು ಜನರ ಎಣಿಕೆ ಕಡಿಮೆಯಾದರೆ ಮತದಾನದ ಹಕ್ಕು, ಉದ್ಯೋಗದ ತಾರತಮ್ಯ ಇವುಗಳ ಮೊಕದ್ದಮೆಗಳಲ್ಲಿ ಅವರ ಕೈ ಸೋಲುತ್ತದೆ ಎಂಬ ಭಯ. 1997ರಲ್ಲಿ ಸರ್ಕಾರ ನಡುವಿನ ದಾರಿ ಹಿಡಿಯಿತು: ಹೊಸ ಚೌಕ ಇಲ್ಲ, ಬೇಕಾದಷ್ಟು ಚೌಕಕ್ಕೆ ಗುರುತು ಹಾಕಬಹುದು. ಮುಂದೆ ತಾರತಮ್ಯದ ಪ್ರಕರಣಗಳ ಲೆಕ್ಕಕ್ಕೆ ಒಂದು ಮಾರ್ಗಸೂಚಿ ಬಂತು. ಬಿಳಿ ಮತ್ತು ಇನ್ನೊಂದು ಜನಾಂಗ ಗುರುತಿಸಿದವರನ್ನು ಆ ಇನ್ನೊಂದು ಜನಾಂಗದಲ್ಲೇ ಎಣಿಸಬೇಕು. ಹಳೇ ಹನಿಯ ನಿಯಮದ ಆಕಾರವೇ ಇದು, ಆದರೆ ಈ ಸಲ ರಕ್ಷಣೆಗಾಗಿ.

2000ದಲ್ಲಿ 68 ಲಕ್ಷ ಮಂದಿ, ಶೇ. 2.4, ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಿದರು. 2010ರಲ್ಲಿ 90 ಲಕ್ಷ. 2020ರಲ್ಲಿ ಒಮ್ಮೆಲೇ 3 ಕೋಟಿ 38 ಲಕ್ಷ, ಶೇ. 10.2. ಪತ್ರಿಕೆಗಳು ಇದನ್ನು ಮಿಶ್ರ ಅಮೆರಿಕದ ಉದಯ ಎಂದು ಬರೆದವು. ಹತ್ತು ವರ್ಷದಲ್ಲಿ ಇಷ್ಟು ಮಕ್ಕಳು ಹುಟ್ಟಲು ಸಾಧ್ಯವೇ? ಇಲ್ಲ. 2020ರ ನಮೂನೆಯಲ್ಲಿ ಬಿಳಿ, ಕಪ್ಪು ಎಂಬ ಚೌಕಗಳ ಕೆಳಗೆ ಮೂಲ ಬರೆಯಲು ಜಾಗ ಕೊಟ್ಟಿದ್ದರು. ಬರೆದದ್ದನ್ನು ಓದಿ ವಿಂಗಡಿಸುವ ವಿಧಾನವೂ ಬದಲಾಗಿತ್ತು. ಬಿಳಿ ಎಂದು ಗುರುತು ಹಾಕಿ ಕೆಳಗೆ ಲ್ಯಾಟಿನ್ ಅಮೆರಿಕದ ದೇಶವೊಂದರ ಹೆಸರು ಬರೆದವರನ್ನು ಹೊಸ ವಿಧಾನ ಎರಡು ಜನಾಂಗದವರೆಂದು ಎಣಿಸಿತು. ಅವರು ಕೇಳಿರಲೇ ಇಲ್ಲ. ಏರಿಕೆಯ ದೊಡ್ಡ ಭಾಗ ಇಂಥ ಮರುವಿಂಗಡಣೆಯ ಫಲ ಎಂದು ಪ್ರಿನ್ಸ್‌ಟನ್‌ನ ಇಬ್ಬರು ಸಮಾಜಶಾಸ್ತ್ರಜ್ಞರು 2024ರಲ್ಲಿ ತೋರಿಸಿದರು. ಗುಮಾಸ್ತನ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಜನರ ಉತ್ತರವನ್ನು ತಿದ್ದುವ ಅಭ್ಯಾಸ ಹಾಗೇ ಉಳಿದಿದೆ.

2024ರ ಮಾರ್ಚ್‌ನಲ್ಲಿ ನಿಯಮ ಮತ್ತೆ ಬದಲಾಯಿತು. ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲ) ಪ್ರಶ್ನೆ ಮತ್ತು ಜನಾಂಗದ ಪ್ರಶ್ನೆ ಒಂದಾದವು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ವರ್ಗ ಬಂತು. ಮುಂದಿನ ಜನಗಣತಿ 2030ರಲ್ಲಿ. ಜನ ತಮ್ಮ ಉತ್ತರ ಬದಲಿಸುತ್ತಾರೆ ಎಂಬುದು ಈಗಾಗಲೇ ಗೊತ್ತಿದೆ. 2000 ಮತ್ತು 2010ರ ನಮೂನೆಗಳನ್ನು ಹೋಲಿಸಿ ನೋಡಿದಾಗ ಸುಮಾರು ಒಂದು ಕೋಟಿ ಮಂದಿ ಬೇರೆ ಬೇರೆ ಉತ್ತರ ಕೊಟ್ಟಿದ್ದರು. ಪ್ಯೂ 2015ರಲ್ಲಿ ಲೆಕ್ಕ ಹಾಕಿದಾಗ ಬಹುಜನಾಂಗೀಯರ ಮಧ್ಯಾಂಕ ವಯಸ್ಸು (ಅರ್ಧ ಮಂದಿ ಇದಕ್ಕಿಂತ ಚಿಕ್ಕವರು) 19, ಒಂದೇ ಜನಾಂಗದವರದ್ದು 38. ಅಂದರೆ ಅವರಲ್ಲಿ ಅರ್ಧದಷ್ಟು ಮಂದಿಯ ನಮೂನೆಯನ್ನು 2010ರಲ್ಲಿ ತುಂಬಿದ್ದು ಬಹುಪಾಲು ಅಪ್ಪ ಅಮ್ಮ. 2030ರ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಇಪ್ಪತ್ತು ಮೂವತ್ತರ ಹರೆಯದವರು, ತಮ್ಮ ಮನೆಯ ನಮೂನೆ ತಾವೇ ತುಂಬುವವರು. ಅಪ್ಪ ಅಮ್ಮ ಹಾಕಿದ ಗುರುತುಗಳನ್ನೇ ಅವರೂ ಹಾಕುತ್ತಾರೆ ಎಂದು ಜನಗಣತಿ ಇಲಾಖೆಯವರೂ ಖಚಿತವಾಗಿ ಹೇಳಲಾರರು.